ತಿಪ್ಪವ್ವ ಉಂಡ ಬಿಸಿ ರೊಟ್ಟಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನ ಬಾಯಲ್ಲಿ ಹಲ್ಲು ಹುಟ್ಟೋಕೂ ಮುಂಚೆ, ಹುಲ್ಲುಗುಡ್ಡ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ತಿಪ್ಪವ್ವ ಅಂತ ಒಬ್ಬ ಅಜ್ಜಿ ಇದ್ದಳಂತೆ. ಅವಳು ಬಡಿದ ಜೋಳದ ರೊಟ್ಟಿ ಎಷ್ಟು ತೆಳ್ಳಗೆ ಅಂದ್ರೆ, ಒಂದು ಸಲ ಗಾಳಿಗೆ ಹಾರಿದ ರೊಟ್ಟಿ ಮೂರು ದಿನ ಆಕಾಶದಲ್ಲೇ ಸುತ್ತಿತಂತೆ, ಅಯ್ಯೋ ಹುಣ್ಣಿಮೆ ಬಂತು ಅಂತ ಊರವರೆಲ್ಲ ಕಡುಬು ಮಾಡ್ಕೊಂಡು ತಿಂದುಬಿಟ್ರಂತೆ. ನಗಬೇಡ ಮಗಾ, ನಮ್ಮ ಮುತ್ತಜ್ಜಿ ಕಣ್ಣಾರೆ ಕಂಡಿದ್ದು. ಅವಳಿಗೆ ಕಣ್ಣು ಕಾಣ್ತಿರಲಿಲ್ಲ, ಅದು ಬೇರೆ ಮಾತು.

ತಿಪ್ಪವ್ವನ ಗಂಡ ಬೊಮ್ಮಪ್ಪ. ಅವನ ಮೀಸೆ ಹೇಳಬೇಕಾ? ಎಡಗಡೆ ಒಂದು ಗುಬ್ಬಿ ಸಂಸಾರ, ಬಲಗಡೆ ಒಂದು ಗುಬ್ಬಿ ಸಂಸಾರ. ಎರಡಕ್ಕೂ ಜಗಳ ಹತ್ತಿದ್ರೆ ಬೊಮ್ಮಪ್ಪನೇ ಒಂದು ಸೀನು ಸೀನಿ ಬಿಡಿಸಬೇಕು. ಇವನ ಅಪ್ಪ ಹೆಣ್ಣು ನೋಡೋಕೆ ಹೋದಾಗ ತಿಪ್ಪವ್ವನ ಮುಖ ನೋಡಲೇ ಇಲ್ಲವಂತೆ, ಅಂಗೈ ಒತ್ತಿ ನೋಡಿದನಂತೆ, ಗಟ್ಟಿ ಇದೆ, ರೊಟ್ಟಿ ಬಡೀತಾಳೆ ಅಂದನಂತೆ, ಮದುವೆ ಆಗೇಹೋಯ್ತಂತೆ. ಮನೇಲಿ ಏಳು ಜನ ಗಂಡಸರು, ಅದರಲ್ಲಿ ತನ್ನ ಗಂಡ ಯಾರು ಅಂತ ತಿಳಿಯೋಕೆ ತಿಪ್ಪವ್ವನಿಗೆ ಎಂಟು ದಿನ ಬೇಕಾಯ್ತಂತೆ.

ಆ ಮನೇಲಿ ಒಂದು ಪದ್ಧತಿ. ರೊಟ್ಟಿ ಬಡಿದವಳು ಕಡೇಲಿ ಉಣ್ಣಬೇಕು. ಹೆಂಚಿಂದ ಇಳಿದ ಮೊದಲ ರೊಟ್ಟಿ ಬೊಮ್ಮಪ್ಪನಿಗೆ, ಆಮೇಲೆ ಮಗನಿಗೆ, ಆಮೇಲೆ ನೆಂಟರಿಗೆ, ಆಳುಗಳಿಗೆ, ಮಕ್ಕಳಿಗೆ, ಬಾಗಿಲಿಗೆ ಬಂದ ಜಂಗಮನಿಗೆ, ನಾಯಿಗೆ. ಇಷ್ಟೂ ಆಗಿ ಒಲೆ ಆರಿದ ಮೇಲೆ, ತಣ್ಣಗಾದ ರೊಟ್ಟೀನ ಗಂಡ ಉಂಡೆದ್ದ ತಟ್ಟೇಲೇ ಹಾಕ್ಕೊಂಡು ತಿಪ್ಪವ್ವ ಉಣ್ತಿದ್ದಳಂತೆ. ಆಮೇಲೆ ಸೊಸೆ ಹಾಲವ್ವ ಬಂದಳು. ಅವಳು ಸ್ವಲ್ಪ ಜೋರು, ನಂಗೆ ಬೇರೆ ತಟ್ಟೆ ಬೇಕು ಅಂದಳಂತೆ. ಊರೆಲ್ಲ ಬಾಯಿ ಬಾಯಿ ಬಡ್ಕೊಂಡಿತು. ಕೊನೆಗೆ ತಟ್ಟೆ ಬೇರೆ ಆಯ್ತು, ರೊಟ್ಟಿ ಮಾತ್ರ ತಣ್ಣಗೇ.

ಹಾಲವ್ವನ ಮಗಳು ಚಂಪಕ್ಕ. ಅವಳು ಒಂದು ದಿನ ಒಲೆ ಪಕ್ಕ ಕೂತು, ಅಜ್ಜಿ, ಹೆಂಚಿಂದ ಆಗಷ್ಟೇ ಎತ್ತಿದ ಬಿಸಿ ರೊಟ್ಟಿ ರುಚಿ ಹೆಂಗಿರುತ್ತೆ ಅಂತ ಕೇಳಿದಳಂತೆ. ತಿಪ್ಪವ್ವ ಹಿಟ್ಟು ನಾದೋದು ನಿಲ್ಲಿಸಿ ಯೋಚನೆ ಮಾಡಿದಳಂತೆ. ಮಾಡಿ ಮಾಡಿ, ಅದ್ಯಾಕೋ ಗೊತ್ತಿಲ್ಲ ಕಣೇ, ನಿಮ್ಮಜ್ಜನ್ನ ಕೇಳು ಅಂದಳಂತೆ.

ಚಂಪಕ್ಕ ಅವತ್ತು ತನ್ನ ಪಾಲಿನ ರೊಟ್ಟಿ ಮುಟ್ಟಲಿಲ್ಲವಂತೆ.

ಆಮೇಲೆ ಕಲ್ಕೆರೆ ಗೌಡನ ಮನೆಯಿಂದ ಸಂಬಂಧ ಬಂತು. ಗೌಡನಿಗೆ ಮೂರು ಗಂಡುಮಕ್ಕಳು, ದೊಡ್ಡಮಲ್ಲ, ನಡುಮಲ್ಲ, ಚಿಕ್ಕಮಲ್ಲ. ಮೂವರಲ್ಲಿ ಯಾರಿಗಾದ್ರೂ ಕೊಡಿ ಅಂದರಂತೆ. ಬೊಮ್ಮಪ್ಪ ಬೆರಳೆತ್ತಿ ಒಬ್ಬನ್ನ ತೋರಿಸೋಕೆ ಹೊರಟಿದ್ದ, ಅಷ್ಟರಲ್ಲಿ ಚಂಪಕ್ಕ ನಡುಮನೆಗೆ ಬಂದು, ಅಜ್ಜಾ, ಆರಿಸೋಳು ನಾನು, ನಮ್ಮ ಅಜ್ಜಿಗೆ ಯಾರು ಒಂದು ಬಿಸಿ ರೊಟ್ಟಿ ಉಣ್ಣಿಸ್ತಾರೋ ಅವರನ್ನೇ ಮದುವೆ ಆಗೋದು ಅಂದಳಂತೆ. ಬೊಮ್ಮಪ್ಪನ ಮೀಸೆ ನಿಗುರಿ ಗುಬ್ಬಿಗಳೆಲ್ಲ ಪುರ್ರಂತ ಹಾರಿದವಂತೆ. ಏನೇ ಹುಡುಗಿ, ಗಂಡಸು ಒಲೆ ಮುಂದೆ ಹೋದ್ರೆ ಮೀಸೆ ಉದುರುತ್ತೆ, ಮೀಸೆ ಉದುರಿದ ಊರಿಗೆ ಮಳೆ ಬರಲ್ಲ! ಆಗಲಿ, ಮೂರು ದಿನ ಕೊಟ್ಟೆ. ನಿಮ್ಮಜ್ಜಿ ಬಾಯಿಗೆ ತುರುಕಂಗಿಲ್ಲ, ಅವಳೇ ಕೈಯಾರೆ ತಿನ್ನಬೇಕು. ಮೂವರೂ ಸೋತ್ರೆ ತುಂಬೆಹಳ್ಳಿ ಸಾಹುಕಾರನಿಗೆ ಕೊಡ್ತೀನಿ ಅಂದನಂತೆ. ಆ ಸಾಹುಕಾರ ಎಂಥವನು ಗೊತ್ತಾ? ಆಕಳಿಸೋಕೆ ಅಂತ ಬಾಯಿ ತೆಗೆದ್ರೆ ಮುಚ್ಚೋಕೆ ಇಬ್ಬರು ಆಳು ಬೇಕು.

ಅದನ್ನ ಕೇಳಿ ತಿಪ್ಪವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳಂತೆ. ಮೊಮ್ಮಗಳ ಬಾಳು ಬಂದು ತನ್ನ ಬಾಯಲ್ಲಿ ಕೂತಿದೆಯಲ್ಲಪ್ಪ! ಒಂದು ರೊಟ್ಟಿ ತಾನೆ, ತಿಂದುಬಿಟ್ರಾಯ್ತು ಅಂದ್ಕೊಂಡಳಂತೆ.

ಮೊದಲನೇ ದಿನ ದೊಡ್ಡಮಲ್ಲ ಬಂದ. ಅವನಮ್ಮನ ಕೈಲಿ ರೊಟ್ಟಿ ಮಾಡಿಸ್ಕೊಂಡು, ಕಂಬಳೀಲಿ ಸುತ್ಕೊಂಡು, ಕುದುರೆ ಹತ್ತಿ ಬಂದ. ಎಂಥ ಓಟ ಅಂದ್ರೆ ಕುದುರೆಯ ನೆರಳು ಸಾಯಂಕಾಲಕ್ಕೆ ಬಂದು ತಲುಪಿತಂತೆ! ರೊಟ್ಟಿ ಇನ್ನೂ ಹೊಗೆಯಾಡ್ತಿತ್ತು. ತಿಪ್ಪವ್ವನ ಕೈಗೆ ಕೊಟ್ಟ. ಅವಳು ಬಾಯಿ ತೆಗೆದಳು. ಆದ್ರೆ ಕೈ ಕೇಳಬೇಕಲ್ಲ? ಐವತ್ತು ವರ್ಷದಿಂದ ನಡೆದ ದಾರೀಲೇ ನೆಟ್ಟಗೆ ನಡೆದು, ಬೊಮ್ಮಪ್ಪನ ತಟ್ಟೇಲಿ ಹಾಕಿಬಿಡ್ತು. ಅವನೋ, ಕಣ್ಣು ಮುಚ್ಚಿ ತೆಗೆಯೋದರೊಳಗೆ ನುಂಗಿದ್ದ.

ಎರಡನೇ ದಿನ ನಡುಮಲ್ಲ. ಇವನು ಬುದ್ಧಿವಂತ. ಹನ್ನೆರಡು ಜನ ಅಡುಗೆಯವರನ್ನ ಕರ್ಕೊಂಡು ಬಂದು, ಮನೆಯವರಿಗೆ, ಆಳುಗಳಿಗೆ, ಜಂಗಮನಿಗೆ, ನಾಯಿಗೆ, ಗುಬ್ಬಿಗೂ ಸೇರಿಸಿ ತೇಗು ಬರೋ ಹಂಗೆ ಉಣ್ಣಿಸಿ, ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿದನಂತೆ. ಇನ್ನು ಯಾರಿಗೆ ಕೊಡ್ತೀಯ, ತಿನ್ನಜ್ಜಿ ಅಂತ ಬಿಸಿ ರೊಟ್ಟಿ ಮುಂದಿಟ್ಟ. ತಿಪ್ಪವ್ವ ಅತ್ತ ನೋಡಿದಳು, ಇತ್ತ ನೋಡಿದಳು, ಆಮೇಲೆ, ಅಲ್ಲಪ್ಪ, ಬೆಳಗಿಂದ ಓಡಾಡಿದೀಯ, ನೀನೇ ಉಂಡಿಲ್ಲವಲ್ಲ ಅಂತ ಅವನ ಮುಂದೇ ಸರಿಸಿದಳಂತೆ. ಹೆಂಗಸರು ನೀಡಿದ್ದನ್ನ ಗಂಡಸರು ತಿನ್ನೋದು ಅವನ ಬಾಯಿಗೂ ಅಭ್ಯಾಸ ನೋಡು, ಗಬಕ್ಕಂತ ತಿಂದೇಬಿಟ್ಟ. ತಿಂದಾದ ಮೇಲೆ ಹಣೆ ಚಚ್ಕೊಂಡ.

ಅವತ್ತು ತಿಪ್ಪವ್ವ ಹಿತ್ತಲಲ್ಲಿ ಕೂತು ತನ್ನ ಕೈಗೆ ತಾನೇ ಬೈದಳಂತೆ. ಹಾಳಾದ್ದೇ, ನಾಳೆ ಒಂದು ದಿನ ಸುಮ್ನಿರು, ಕೂಸಿನ ಮುಖ ನೋಡಾದ್ರೂ ಸುಮ್ನಿರು ಅಂತ.

ಮೂರನೇ ದಿನ ಚಿಕ್ಕಮಲ್ಲ ಬರಿಗೈಲಿ ಬಂದ. ಅಜ್ಜಿ, ಸ್ವಲ್ಪ ಏಳು ಅಂದ. ಎಲ್ಲಿಗೆ ಏಳಲಿ ಅಂದಳು. ಅಜ್ಜ ಕೂರೋ ಜಾಗದಲ್ಲಿ ಹೋಗಿ ಕೂತ್ಕೋ, ಇವತ್ತು ಒಲೆ ನಂದು ಅಂದನಂತೆ. ಬೊಮ್ಮಪ್ಪ ಅಯ್ಯಯ್ಯೋ ಮಳೆ, ಅಯ್ಯಯ್ಯೋ ಮೀಸೆ ಅಂತ ಕೂಗಾಡಿದ. ಆದ್ರೆ ಮಾತು ಕೊಟ್ಟಾಗಿತ್ತು. ತಿಪ್ಪವ್ವ ಗೋಡೆಗೆ ಒರಗಿ ಕೂತಳು, ಮುಂದೆ ತಟ್ಟೆ. ಅಲ್ಲಿಂದ ನೋಡಿದ್ರೆ ಒಲೆ ಎಷ್ಟು ಚೆಂದ ಉರಿಯುತ್ತೆ! ಇಷ್ಟು ವರ್ಷ ಅದರ ಹೊಗೆ ಕುಡಿದಿದ್ದಳೇ ಹೊರತು ಚೆಂದ ನೋಡಿರಲಿಲ್ಲವಂತೆ.

ಚಿಕ್ಕಮಲ್ಲನಿಗೆ ರೊಟ್ಟಿ ಎಲ್ಲಿ ಬರಬೇಕು? ಮೊದಲನೇದು ಅಂಗೈಗೇ ಮೆತ್ಕೊಂಡಿತು. ಎರಡನೇದು ಹರಿದು ಒಲೆಗೆ ಬಿತ್ತು, ಬೆಂಕಿ ಭುಗ್ ಅಂತ ಎದ್ದು ಅವನ ಎಡಗಡೆ ಮೀಸೆ ಚರ್ರಂತ ಸುಟ್ಟುಹೋಯ್ತು. ಹುಡುಗ ಏಳಲಿಲ್ಲವಂತೆ. ಕಣ್ಣೀರು ಒರೆಸ್ಕೊಂಡು ಮೂರನೇದು ಬಡಿದ. ಒಂದು ಕಡೆ ಎಮ್ಮೆ ಕಿವಿ, ಇನ್ನೊಂದು ಕಡೆ ಗುಡ್ಡ, ನಡುವೆ ಒಂದು ಕೆರೆ. ಅದನ್ನ ಹೊಗೆಯಾಡ್ತಾ ತಂದು ತಿಪ್ಪವ್ವನ ತಟ್ಟೇಲಿ ಹಾಕಿದ. ಚಂಪಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ದಳಂತೆ.

ತಿಪ್ಪವ್ವನ ಹಾಳು ಕೈ ಮತ್ತೆ ಎದ್ದೇ ಎದ್ದಿತು. ರೊಟ್ಟಿ ಎತ್ಕೊಂಡು ಬೊಮ್ಮಪ್ಪನ ಕಡೆ ಹೋಯ್ತು. ಬೊಮ್ಮಪ್ಪ ಆ ರೊಟ್ಟೀನ ಕಂಡು, ಥೂ, ನಂಗ್ಯಾಕೆ ಇದು ಅಂತ ಹಿಂದೆ ಸರಿದ. ಮಗನ ಕಡೆ ಹೋಯ್ತು, ಅವನು, ಅವ್ವಾ, ಈಗಷ್ಟೇ ಹೊಟ್ಟೆ ತುಂಬ್ತು ಅಂದ. ನಾಯಿಗೆ ಹಿಡಿದಳು, ನಾಯಿ ಒಂದು ಸಲ ಮೂಸಿ, ಬಾಲ ಮಡಚ್ಕೊಂಡು ಜಗುಲಿಗೆ ಹೋಗಿ ಮಲಗಿತಂತೆ! ಕೈಗೆ ಇನ್ನು ಹೋಗೋಕೆ ದಾರಿ ಇಲ್ಲ. ಪಾಪ, ತಿರುಗಿ ತಿರುಗಿ ತನ್ನ ಬಾಯಿಗೇ ಬಂತು.

ತಿಪ್ಪವ್ವ ಕಚ್ಚಿದಳು. ಬೊಮ್ಮಪ್ಪ ಮೆಲ್ಲಗೆ ಹತ್ತಿರ ಬಂದು, ಐವತ್ತು ವರ್ಷದಲ್ಲಿ ಮೊದಲನೇ ಸಲ, ಹೆಂಗಿದೆಯೇ ಅಂತ ಕೇಳಿದನಂತೆ. ತಿಪ್ಪವ್ವ ಅಗಿದು ಅಗಿದು, ಒಂದು ಕಡೆ ಸೀದಿದೆ, ಒಂದು ಕಡೆ ಹಸಿ, ನಡುವೆ ಬೂದಿ ಸಿಕ್ತು ಅಂದಳು. ಚಂಪಕ್ಕನ ಮುಖ ಬಾಡಿಹೋಯ್ತು. ಆಮೇಲೆ ತಿಪ್ಪವ್ವ ಖಾಲಿ ತಟ್ಟೇನ ಮುಂದಕ್ಕೆ ನೂಕಿ, ಆದ್ರೆ ಎಷ್ಟು ಬಿಸಿ ಇದೆಯೋ ಮಗನೇ, ಇನ್ನೊಂದು ಹಾಕು ಅಂದಳಂತೆ!

ಆಮೇಲೆ ಕೇಳಬೇಕಾ, ಚಂಪಕ್ಕನಿಗೂ ಅರ್ಧ ಮೀಸೆ ಚಿಕ್ಕಮಲ್ಲನಿಗೂ ಮದುವೆ ಆಯ್ತು. ತಾಳಿ ಕಟ್ಟೋ ಹೊತ್ತಿಗೆ ಎಂಥ ಮಳೆ ಬಂತು ಅಂದ್ರೆ ಚಪ್ಪರ ತೇಲ್ಕೊಂಡು ಪಕ್ಕದೂರಿಗೆ ಹೋಯ್ತಂತೆ, ಆ ಊರವರಿಗೂ ಪುಕ್ಕಟೆ ಊಟ. ಮೀಸೆಗೂ ಮಳೆಗೂ ಸಂಬಂಧ ಇಲ್ಲ ಅಂತ ಅವತ್ತು ಬೊಮ್ಮಪ್ಪನಿಗೆ ಖಾತ್ರಿ ಆಯ್ತು. ಮಾರನೇ ದಿನ ಮೀಸೆಯ ಎರಡು ತುದೀನೂ ಕಿವಿಗೆ ಕಟ್ಕೊಂಡು ಒಲೆ ಮುಂದೆ ಕೂತನಂತೆ. ಅಲ್ಲಿಂದ ಆ ಮನೇಲಿ ರೊಟ್ಟಿ ಬಡಿಯೋದು ಸರದಿ ಮೇಲೆ, ಬಡಿದವರು ಮಾತ್ರ ಕಡೇಲೇ ಉಣ್ಣೋದು. ಐವತ್ತು ವರ್ಷ ಬಡಿದ ತಿಪ್ಪವ್ವನಿಗೆ ಇನ್ನು ಸರದಿ ಇಲ್ಲವಂತೆ.

ಎಷ್ಟೋ ವರ್ಷ ಆದ ಮೇಲೆ ಚಂಪಕ್ಕನ ಮಗಳು ಬಂದು, ಮುತ್ತಜ್ಜಿ, ತಣ್ಣನೆ ರೊಟ್ಟಿ ರುಚಿ ಹೆಂಗಿರುತ್ತೆ ಅಂತ ಕೇಳಿತಂತೆ. ತಿಪ್ಪವ್ವ ಗೋಡೆಗೆ ಒರಗಿಕೊಂಡು, ಬೆರಳಿಗಂಟಿದ ಬೆಣ್ಣೆ ಚೀಪ್ತಾ, ಯಾಕೋ ಮರೆತೇಹೋಗಿದೆ ಕಣೇ, ಇವತ್ತು ಸರದಿ ನಿಮ್ಮ ಮುತ್ತಜ್ಜಂದು, ಅವರನ್ನೇ ಕೇಳು ಅಂದಳಂತೆ.

ಕತೆ ಮುಗೀತು, ಹೆಂಚು ಇಳೀತು, ಗುಬ್ಬಿಗಳೂ ಮಲಗಿದವು. ನೀನೂ ಮಲಗು ಮಗಾ, ನಾಳೆ ಬೆಳಗ್ಗೆ ಹಿಟ್ಟು ಕಲಸೋ ಸರದಿ ನಿಂದು.