ಎರಡನೆಯ ಗುಂಡು

"ಗುರುಗಳೇ, ಪ್ರಾಣ ಉಳಿಸಿಕೊಳ್ಳಲು ಕೋವಿ ಯಾವಾಗ ಹಾರಿಸಬಹುದು?" ಎಂದು ಪೆಮ್ಮಯ್ಯ ಕೇಳಿದ. ಒಂಟಿಮನೆಯಲ್ಲಿ ಹೆಂಡತಿಯೊಂದಿಗೆ ಇರುವವನು. ಆ ವಾರವಷ್ಟೇ ಕೋವಿ ತಂದಿದ್ದ. ತಂದಂದಿನಿಂದ ಅವನಿಗೆ ನಿದ್ದೆಯಿರಲಿಲ್ಲ.

ಗುರುಗಳು ನಕ್ಕರು. "ಕಳ್ಳರ ಭಯಕ್ಕೆ ಕೋವಿ ತಂದೆ. ಈಗ ಕೋವಿಯನ್ನೇ ಕಾಯುತ್ತಾ ಕೂತಿದ್ದೀಯ. ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಘಟ್ಟದ ಸೀಮೆಯಲ್ಲಿ ಒಂದು ಹಳ್ಳಿ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಒಂದು ಕೇಳಿದವರು ನಕ್ಕು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಎರಡು ಕೇಳಿದರೆ ಕೆಲಸ ಬಿಟ್ಟು ಓಡಿ ಬರುತ್ತಿದ್ದರು.

ಅಲ್ಲಿಯ ಒಬ್ಬ ರೈತ ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಓಡಿಸಲು ಕೋವಿ ಹಿಡಿದು ಅಂಗಳಕ್ಕೆ ಇಳಿದಿದ್ದ. ಇನ್ನೂ ಬೆಳಕಿತ್ತು. ಗುರುತಿಲ್ಲದವನೊಬ್ಬ ಕತ್ತಿ ಎತ್ತಿಕೊಂಡು ಅವನ ಮೇಲೆ ನುಗ್ಗಿದ. 'ನಿಲ್ಲು' ಎಂದರೆ ನಿಲ್ಲಲಿಲ್ಲ. ರೈತ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಬಂದವನು ಕತ್ತಿ ಬಿಸಾಡಿ ಓಡಿದ. ಮತ್ತೊಂದು ಗುಂಡು ಹಾರಿತು. ಓಡುತ್ತಿದ್ದವನು ಬೇಲಿಯ ಹತ್ತಿರ ಬಿದ್ದ.

ಊರವರು ಓಡೋಡಿ ಬಂದರು. "ಯಾರು ತೀರಿಕೊಂಡರು? ನಿನ್ನ ಅಮ್ಮನಾ?" ಎಂದು ಹಿರಿಯರೊಬ್ಬರು ಕೇಳಿದರು. ರೈತ ಬೇಲಿಯ ಕಡೆ ಕೈ ತೋರಿಸಿದ. ಬಿದ್ದವನ ಬೆನ್ನಿಗೆ ಗುಂಡು ಹೊಕ್ಕಿತ್ತು. ಉಸಿರಿರಲಿಲ್ಲ.

"ಓಡುವವನಿಗೆ ಯಾಕೆ ಹೊಡೆದೆಯೋ?"

"ನಿಮ್ಮನ್ನು ಕರೆಯಲು ಹಾರಿಸಿದ್ದು. ಒಂದೇ ಗುಂಡಿಗೆ ನೀವು ಬರುತ್ತಿದ್ದಿರಾ? ಅವನು ತಿರುಗಿ ಬಂದಿದ್ದರೆ ನನ್ನ ಗತಿ?"

ಹಿರಿಯರು ತಲೆ ಕೆರೆದುಕೊಂಡರು. ಮಾತು ನಿಜ. ಒಂದೇ ಆಗಿದ್ದರೆ, ಮಗುವನ್ನು ನಾಳೆ ನೋಡಿದರಾಯಿತು ಎಂದು ಸುಮ್ಮನಿರುತ್ತಿದ್ದರು.

"ಕರೆಯುವ ಗುಂಡಿಗೆ ಆಕಾಶ ಇರಲಿಲ್ಲವೇನೋ?" ಎಂದರು.

ರೈತ ಮೇಲೆ ನೋಡಿದ. ಕೋವಿ ನೋಡಿದ. ನಡುಗುವ ಕೈಯಲ್ಲಿ ಕೋವಿಯೇ ಕೆಳಗಿಳಿಯಿತೋ, ತಾನೇ ಗುರಿ ಇಟ್ಟನೋ, ಅವನಿಗೆ ತಿಳಿಯಲಿಲ್ಲ. ಸಾಯುವವರೆಗೂ ತಿಳಿಯಲಿಲ್ಲ. ಪಾಪ, ಆಮೇಲೆ ಯಾರ ಮನೆಯಲ್ಲಿ ಮಗು ಹುಟ್ಟಿ ಗುಂಡು ಹಾರಿದರೂ ಎರಡನೆಯದಕ್ಕೆ ಕಿವಿಗೊಟ್ಟು ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಪೆಮ್ಮಯ್ಯನಿಗೆ ತಲೆಬುಡ ತಿಳಿಯಲಿಲ್ಲ.

"ಹಾಗಾದರೆ ಮೊದಲನೆಯದು ಸರಿ, ಎರಡನೆಯದು ತಪ್ಪೇ? ಎರಡನೆಯದು ಇಲ್ಲದೆ ಊರವರು ಬರುತ್ತಿರಲಿಲ್ಲವಲ್ಲ! ನನ್ನ ಕೈಯೂ ಹಾಗೇ ನಡುಗಿದರೆ? ನನಗೆ ಭಯವಾಗುತ್ತದೆ ಗುರುಗಳೇ, ಸರಿಯಾಗಿ ಹೇಳಿ."

ಗುರುಗಳು ಎದ್ದು ನಿಂತರು.

"ಯಾವಾಗ ಹಾರಿಸಬಹುದು ಎಂದು ಕೇಳಿದೆ, ಪೆಮ್ಮಯ್ಯ, ಯಾವಾಗ ನಿಲ್ಲಿಸಬೇಕು ಎಂದು ಕೇಳಲೇ ಇಲ್ಲ."