ಹಸಿಗೋಡೆಯ ಮಾತೆ

ಪೆರುಜಿಯಾ ನಗರದ ಹಳೆಯ ಕೋಟೆಬಾಗಿಲು ದಾಟಿ, ಮೊಣಕಾಲಿನ ಮೇಲೆ ಸ್ವಲ್ಪವೂ ಕರುಣೆಯಿಲ್ಲದ ಕಲ್ಲುಮೆಟ್ಟಿಲುಗಳನ್ನು ಇಳಿದರೆ ಒಂದು ಪುಟ್ಟ ಪ್ರಾರ್ಥನಾಮಂದಿರ ಸಿಗುತ್ತದೆ. ದೊಡ್ಡ ಚರ್ಚುಗಳ ಛಾವಣಿ ನೋಡಿ ಕತ್ತು ನೋಯಿಸಿಕೊಂಡವರು ಇದನ್ನು ಬಿಟ್ಟು ಊಟಕ್ಕೆ ಹೋಗುವುದೇ ಹೆಚ್ಚು. ಇಟಲಿಯಲ್ಲಿ ನಾಲ್ಕಾರು ದಿನ ತಿರುಗಿದವರಿಗೆ ಮಾತೆ ಮರಿಯಳ ಮುಖಗಳೆಲ್ಲ ಒಂದೇ ಆಗಿಬಿಡುತ್ತವೆ. ಇಲ್ಲಿ ಆ ತೊಂದರೆಯಿಲ್ಲ. ಈ ಮಾತೆಗೆ ಮುಖವೇ ಇಲ್ಲ. ನೀಲಿ ಮೇಲುಹೊದಿಕೆ, ತೊಡೆಯ ಮೇಲೆ ಕೂಸು, ಹೊನ್ನಿನ ಪ್ರಭಾವಳಿ, ಅದರ ನಡುವೆ ಬರಿಯ ಬಿಳಿಗಾರೆ. ಶತಮಾನಗಳ ಹಿಂದೆಯೇ ಒಣಗಿ ಕಲ್ಲಾದ ಈ ಗೋಡೆಗೆ ಊರವರು 'ಹಸಿಗೋಡೆಯ ಮಾತೆ' ಎನ್ನುತ್ತಾರೆ. ಬೀಗದಕೈ ಕಾಯುವ ಮುದುಕಿ ಓರ್ಸೋಲಾಳನ್ನು ಕಾರಣ ಕೇಳಿದೆ. "ಮೊದಲು ಕೂತುಕೋ. ನಿಮಗೆಲ್ಲ ನಿಂತ ಕಾಲಲ್ಲೇ ಐನೂರು ವರ್ಷ ತಿಳಿದುಬಿಡಬೇಕು" ಎಂದು ಗದರಿಸಿಯೇ ಶುರುಮಾಡಿದಳು.

ಹಿಂದೆ ಒಮ್ಮೆ, ಊರಿಗೆ ಪ್ಲೇಗು ಬಂದ ವರ್ಷ, ಬಾರ್ತೊಲೊ ಎಂಬ ಚಿತ್ರಕಾರ ಈ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದನಂತೆ. ಅವನಿಗೆ ಗಾರೆ ಬಳಿದುಕೊಡುತ್ತಿದ್ದವಳು ಮಗಳು ನೆಲ್ಲಾ. ಆ ಕಸುಬಿನ ಕಟ್ಟಳೆ ಕಠಿಣವಾದದ್ದು: ಹಸಿಗಾರೆಯ ಮೇಲೆ ಹಚ್ಚಿದ ಬಣ್ಣ ಮಾತ್ರ ಗೋಡೆಯೊಳಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ಒಂದು ದಿನಕ್ಕೆ ಆಗುವಷ್ಟೇ ಗಾರೆ ಬಳಿಯಬೇಕು, ಬರೆಯುವ ಮೊದಲೇ ಒಣಗಿದರೆ ಅದನ್ನು ಕೆತ್ತಿ ತೆಗೆದು ಹೊಸದು ಬಳಿಯಬೇಕು. ಮಾತೆಯ ಮುಖವೊಂದೇ ಬರೆಯಲು ಉಳಿದಿತ್ತು, ಹಬ್ಬ ಹತ್ತಿರವಿತ್ತು. ಅಂದು ಬೆಳಿಗ್ಗೆ ಮೈ ಕಾದಿದೆಯೆಂದು ನೆಲ್ಲಾ ಹೇಳಿದರೂ ತಂದೆ ಕೇಳಲಿಲ್ಲ. ಅವಳು ಗಾರೆ ಬಳಿದಳು. ಕರಣೆಯನ್ನು ಕೆಳಗಿಟ್ಟು ಅಂಗೈಯನ್ನೇ ಗೋಡೆಗೆ ಒತ್ತಿ ನಿಂತಳು. "ರೊಟ್ಟಿ ತಟ್ಟುತ್ತಿದ್ದೀಯೇನೇ?" ಎಂದು ತಂದೆ ಅಣಕಿಸಿದ. "ತಣ್ಣಗಿದೆ ಅಪ್ಪ, ಹಿತವಾಗಿದೆ" ಎಂದವಳು ಅಟ್ಟಣಿಗೆಯಿಂದ ಇಳಿಯುವಾಗಲೇ ಕುಸಿದಳು. ಬಾರ್ತೊಲೊ ಕುಂಚ ಎಸೆದು ಅವಳನ್ನು ಮನೆಗೆ ಹೊತ್ತೊಯ್ದ. ಅವಳು ಉಳಿಯಲಿಲ್ಲ. ಪ್ಲೇಗಿನ ಹೆಣಗಳಿಗೆ ಊರು ಕೊಟ್ಟದ್ದು ಒಂದೇ ಗುಂಡಿ, ಮೇಲೆ ಸುಣ್ಣ. ಜೀವನವಿಡೀ ಸುಣ್ಣ ಕಲಸಿದ ಹುಡುಗಿಗೆ ಗೋರಿ ಎಂದು ತೋರಿಸಲು ಒಂದು ಕಲ್ಲೂ ಸಿಗಲಿಲ್ಲ.

ರೋಗ ಇಳಿದ ಮೇಲೆ ಪಾದ್ರಿ ಉಳಿಗಾರರನ್ನು ಕರೆದುಕೊಂಡು ಬಂದ. ಅಟ್ಟಣಿಗೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಬಾರ್ತೊಲೊ ಕೂತಿದ್ದ.

"ಇಳಿಯಪ್ಪ, ಒಣಗಿದ್ದನ್ನು ಕೆತ್ತಲಿ. ಮುಖವಿಲ್ಲದ ತಾಯಿಗೆ ಜನ ಹೇಗೆ ಕೈಮುಗಿದಾರು?"

"ಇನ್ನೂ ಹಸಿ ಇದೆ, ಗುರುಗಳೇ."

"ಬೇಸಿಗೆ ಕಳೆಯಿತಲ್ಲೋ."

"ಹಸಿ ಇದೆ."

ಪಾದ್ರಿ ತಾನೇ ಮೇಲೆ ಹತ್ತಿ ಬೆರಳಿಟ್ಟು ನೋಡಿದ. ಕಲ್ಲಿನಂತಿತ್ತು. ಬೆರಳು ಜಾರುತ್ತಾ ಹೋಗಿ ಬೆರಳಗಲದ ಒಂದು ಸಣ್ಣ ತಗ್ಗಿನಲ್ಲಿ ನಿಂತಿತು, ಪಕ್ಕದಲ್ಲಿ ಇನ್ನೊಂದು. ಪ್ಲೇಗಿನ ಹೆಣಗಳ ಆ ಗುಂಡಿಯ ಬಳಿ ನಿಂತು ಪ್ರಾರ್ಥನೆ ಹೇಳಿದವನು ಅವನೇ. ಯಾರು ಯಾರೆಂದು ಗುರುತು ಹಿಡಿಯಲು ಅವನಿಗೂ ಆಗಿರಲಿಲ್ಲ. ಬೆರಳು ತೆಗೆದು ಕೆಳಗಿನವರಿಗೆ, "ಹೌದು, ಹಸಿಯೇ. ಉಳಿಗಳನ್ನು ಕೆಳಗಿಡಿ" ಎಂದನಂತೆ. ಬಾರ್ತೊಲೊ ಸತ್ತ ಮೇಲೂ ಮುಖ ಬರೆಯಲೆಂದು ಬಂದ ಒಬ್ಬೊಬ್ಬ ಚಿತ್ರಕಾರನಿಗೂ ಊರು ಅದೇ ಉತ್ತರ ಕೊಟ್ಟು ಕಳಿಸಿತು ಎನ್ನುತ್ತಾರೆ.

ಸಂಜೆ ಪಡುವಣ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ, ಬಿಳಿಯ ಮೇಲೆ ನಾಲ್ಕು ಬೆರಳು ಮತ್ತು ಅಂಗೈಯ ಒಂದು ಬದಿ ಈಗಲೂ ಕಾಣುತ್ತದೆ. ಬಂದವರು ಕ್ಯಾಮೆರಾ ತೆಗೆಯಲು ಮರೆತು, ದೂರದಿಂದಲೇ ತಮ್ಮ ಕೈಯನ್ನು ಅದರ ಅಳತೆಗೆ ಹಿಡಿದು ನೋಡುತ್ತಾರೆ. ದೊಡ್ಡವರಲ್ಲಿ ಯಾರ ಕೈಯೂ ಹೊಂದುವುದಿಲ್ಲ.