ಹೊದಿಸಿಟ್ಟ ದನಿ

"ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ್ದೇ ನಮ್ಮ ಕೈಯಲ್ಲಿ ಕೆಡುತ್ತದಲ್ಲ, ಗುರುಗಳೇ. ಏಕೆ?" ಎಂದು ಸಂಸಾರಿಯಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಾಯಿ ಹಾಡಿದ ಬೀಸುವ ಪದವೊಂದು ಮನೆಯ ಕಂಪ್ಯೂಟರಿನಲ್ಲಿತ್ತು. ತಾಯಿ ತೀರಿಕೊಂಡಿದ್ದಳು. ಆ ದನಿ ಬೇರೆಲ್ಲೂ ಇರಲಿಲ್ಲ. ದೂಳು ಹೊಕ್ಕರೆ ಯಂತ್ರ ಹಾಳಾಗುತ್ತದೆ ಎಂದು ಯಾರೋ ಅಂದಿದ್ದರು. ವ್ಯಾಪಾರಿ ಅಂಗಡಿಯಿಂದ ದಪ್ಪ ಮಖಮಲ್ಲು ತಂದು, ಪೆಟ್ಟಿಗೆಯ ಅಳತೆಗೆ ಗವಸು ಹೊಲಿಸಿ ತೊಡಿಸಿದ. ಗುಂಡಿ ಒತ್ತಲು ಮಾತ್ರ ಒಂದು ಕಿಂಡಿ ಬಿಡಿಸಿದ.

ಬೇಸಿಗೆಯಲ್ಲಿ ತಾಯಿಯ ವರ್ಷದ ತಿಥಿ ಬಂತು. ದೂರದೂರಿನಿಂದ ಅಕ್ಕ ಬರುವವಳಿದ್ದಳು. ತಾಯಿ ಸತ್ತಾಗ ಬಂದು ಮುಖ ನೋಡಲು ಅವಳಿಗೆ ಆಗಿರಲಿಲ್ಲ. "ಅವ್ವನ ಪದ ಕೇಳಿಸ್ತೀಯಲ್ಲ?" ಎಂದು ಫೋನಿನಲ್ಲಿ ಕೇಳಿದ್ದಳು. ಬೇರೇನೂ ಕೇಳಿರಲಿಲ್ಲ.

ವ್ಯಾಪಾರಿ ಮುಂಚೆಯೇ ಹಾಕಿ ನೋಡಿದ. ತಾಯಿ ಎರಡು ನುಡಿ ಹಾಡಿದಳು. ಮೂರನೆಯದನ್ನು ಎತ್ತಿಕೊಳ್ಳುವಾಗ, ಹಾಡು ಕೇಳಿಸುವ ಪ್ಲೇಯರ್ ತಂತ್ರಾಂಶ ತಾನಾಗಿ ಮುಚ್ಚಿಕೊಂಡಿತು. ಮತ್ತೆ ಹಾಕಿದ. ಈ ಸಲ ಇನ್ನೂ ಬೇಗ ಮುಚ್ಚಿತು. ಪ್ಲೇಯರನ್ನು ಅಳಿಸಿ ಹೊಸದಾಗಿ ಹಾಕಿದ. ಬೇರೆ ಪ್ಲೇಯರನ್ನೂ ಹಾಕಿ ನೋಡಿದ. ಅದೂ ಅಷ್ಟೇ. ದೂಳು ಹೊಕ್ಕೇಬಿಟ್ಟಿತು ಎಂದುಕೊಂಡು ಗವಸಿನ ಮೇಲೆ ಇನ್ನೊಂದು ಗವಸು ತೊಡಿಸಿದ. ಆಮೇಲೆ ಒಂದು ನುಡಿಯೂ ಪೂರ್ತಿ ಬರಲಿಲ್ಲ. ಅವನಿಗೆ ಅನ್ನ ಸೇರದಾಯಿತು. ತಾಯಿ ಎರಡನೆಯ ಸಲ ಸಾಯುತ್ತಿದ್ದಾಳೆ ಅನಿಸಿತು.

ಅಕ್ಕ ಬಂದಳು. ಎಡೆ ಇಟ್ಟದ್ದಾಯಿತು. ಸಂಜೆಯ ಬಸ್ಸಿಗೆ ಅವಳು ಹೊರಡಬೇಕಿತ್ತು. ಅವಳ ಎದುರಿಗೂ ಪದ ನಡುವೆಯೇ ನಿಂತಿತು. ಅವಳು ಗವಸಿನ ಒಳಗೆ ಕೈ ತೂರಿಸಿ ಥಟ್ಟನೆ ಹಿಂದೆಗೆದಳು.

"ಏನೋ ಇದು, ಇದಕ್ಕೂ ಬಾಣಂತನ ಮಾಡ್ತಿದ್ದೀಯಾ? ಕಾದ ಹೆಂಚಾಗಿದೆ!"

"ದೂಳು ಕೂರತ್ತೆ, ಅಕ್ಕಾ..."

"ಕೂರಲಿ. ಒರೆಸೋಕೆ ಕೈ ಇಲ್ವಾ ನಿಂಗೆ?"

ಎರಡೂ ಗವಸು ಕಿತ್ತು ಅವನ ಮಡಿಲಿಗೆ ಎಸೆದಳು. ಕಿಟಕಿ ತೆರೆದಳು. ಯಂತ್ರ ತಣಿಯುವವರೆಗೆ ಕಾದರು. ಆಮೇಲೆ ತಾಯಿ ಕೊನೆಯ ನುಡಿಯವರೆಗೂ ಹಾಡಿದಳು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ವ್ಯಾಪಾರಿಗೆ ಪದ ಕೇಳಿಸಲಿಲ್ಲ. ಅವನ ಕಣ್ಣು ತೆರೆದ ಕಿಟಕಿಯ ಮೇಲಿತ್ತು. ಅಕ್ಕ ಬಸ್ಸು ಹತ್ತಿದ ಮೇಲೆ ಮನೆಗೆ ಓಡಿ ಬಂದ. ಕಿಟಕಿ ಮುಚ್ಚಿದ. ಇನ್ನೂ ಬಿಸಿ ಆರದ ಯಂತ್ರಕ್ಕೆ ಎರಡೂ ಗವಸು ತೊಡಿಸಿದ.

ಶಿಷ್ಯ ನಕ್ಕುಬಿಟ್ಟ. "ಅಷ್ಟಾದರೂ ಆ ಪೆದ್ದನಿಗೆ ಬುದ್ಧಿ ಬರಲಿಲ್ಲವೇ?"

ಗುರುಗಳು ಅವನ ಮುಖ ನೋಡಿದರು.

"ನಿನ್ನ ಮಗಳು ಓರಗೆಯ ಮಕ್ಕಳ ಜೊತೆ ಬೀದಿಯಲ್ಲಿ ಆಡಿ ಎಷ್ಟು ದಿನವಾಯಿತು?"